ಹೊಳೆಯಾಚೆಯ ಕಡಗ

"ಕೇಳಿರಪ್ಪೋ ಕೇಳಿ! ಹೊಳೆಯಾಚೆ ಮಠದ ಕಡಗ ತೊಟ್ಟು ಪಂಡಿತ, ವೈದ್ಯ ಅಂತ ಕರೆಸಿಕೊಳ್ಳುವವರೆಲ್ಲ ಅಮಾವಾಸ್ಯೆಯೊಳಗೆ ಅರಮನೆಗೆ ಬರತಕ್ಕದ್ದು. ಮಹಾರಾಜರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನು ಆಸ್ಥಾನ ವೈದ್ಯ. ತಪ್ಪಿದವನ ತಲೆ ಹೋಗುತ್ತದೆ. ಅಡಗಿ ಕೂತವನದೂ ಹೋಗುತ್ತದೆ!"

ಬೆಳ್ಳಟ್ಟಿ ಸೀಮೆಯ ಊರೂರಲ್ಲೂ ತಮಟೆ ಬಡಿದು ಸಾರಿದರು. ಕೇಳಿದ ಕಡಗದವರಲ್ಲಿ ಅರ್ಧಕ್ಕರ್ಧ ಜನ ಕಡಗ ಕಳಚಿ ಬಾವಿಗೆ ಎಸೆದರು. ಚೌಡನಿಗೆ ಅದೂ ಆಗಲಿಲ್ಲ. ಅವನ ಕಡಗ ಕಳಚುತ್ತಲೇ ಇರಲಿಲ್ಲ.

ಆ ಮಠದ ರೂಢಿ ಮೊದಲು ಕಡಗ, ಆಮೇಲೆ ಕಲಿಕೆ. ತಟ್ಟೆಗೆ ದಕ್ಷಿಣೆ ಬಿದ್ದ ಗಳಿಗೆಗೇ ಕೈಗೆ ಹಿತ್ತಾಳೆ ಬೀಳುತ್ತಿತ್ತು. ಹೆಚ್ಚಿನವರು ಕಲಿಕೆಗೆ ಕಾಯದೆ ಬಂದ ದೋಣಿಯಲ್ಲೇ ವಾಪಸಾಗುತ್ತಿದ್ದರು. ಚೌಡನನ್ನು ಅವನ ಅವ್ವ ಅಲ್ಲಿಗೆ ಬಿಟ್ಟಾಗ ಅವನಿನ್ನೂ ಪುಟ್ಟವನು. ಕೂತಲ್ಲಿ ಕೂರುವ ಕಾಲಲ್ಲ ಅವನದು. ಮಠದ ಗಂಜಿ ಒಂದು ಹೊತ್ತು ಕುಡಿದು, ಹೇರೆತ್ತಿನ ವ್ಯಾಪಾರಿಗಳ ಹಿಂದೆ ಓಡಿಹೋದ. ಊರೂರು ತಿರುಗಿದ. ಕೈ ಬೆಳೆಯಿತು, ಕಡಗ ಬೆಳೆಯಲಿಲ್ಲ.

ಹೋದ ಸುಗ್ಗಿಯಲ್ಲಿ ಮನೆಗೆ ಬಂದರೆ ಅವ್ವ ಜ್ವರದಲ್ಲಿ ಮಲಗಿದ್ದಳು.

"ಪಕ್ಕದೂರಿನ ವೈದ್ಯರನ್ನ ಕರ್ಕೊಂಡು ಬರ್ತೀನವ್ವ. ನನಗೆ ಬರಲ್ಲ," ಅಂದ.

"ಸುಮ್ಕಿರೋ. ಕೈಯಲ್ಲಿ ಕಡಗ ಇಟ್ಕೊಂಡು ಬರಲ್ಲ ಅಂತೀಯ? ಭಾರೀ ವಿದ್ಯೆ ಇರೋರು ಹಂಗೇ ಅನ್ನೋದು," ಅಂತ ಅವ್ವ ಹೆಮ್ಮೆಯಿಂದ ನಕ್ಕಳು. ವೈದ್ಯ ಬಂದಾಗ ಗೋಡೆ ಕಡೆ ಹೊರಳಿದಳು. ಮನೆಯಲ್ಲೇ ವೈದ್ಯ ಇರುವಾಗ ಹೊರಗಿನವನ ಕಷಾಯ ಯಾಕೆ ಅಂತ ಹಲ್ಲು ಕಚ್ಚಿ ಹಿಡಿದಳು. ಹಾಗೆಯೇ ಹೋದಳು.

ಅಲ್ಲಿಂದೀಚೆಗೆ ಚೌಡನಿಗೆ ಉಪ್ಪು ಹುಳಿ ಗೊತ್ತಾಗುತ್ತಿರಲಿಲ್ಲ, ಬಿಸಿಲು ಗಾಳಿ ಗೊತ್ತಾಗುತ್ತಿರಲಿಲ್ಲ. ಬಂಟರು ಕೈ ಹಿಡಿದು ಎಳೆದೊಯ್ದಾಗಲೂ, ಯಾರದೋ ಕೈ ಎಳೆಯುತ್ತಿದ್ದಾರೆ ಅನ್ನುವ ಹಾಗೆ ಹಿಂದೆ ನಡೆದ.

ಸಿಂಹಾಸನದಲ್ಲಿ ದೊರೆ ಬಿಜ್ಜರಸ ಕಲ್ಲಿನ ಹಾಗೆ ಕೂತಿದ್ದ. ಕಡಗದವನೊಬ್ಬ ಕೊಟ್ಟ ಮದ್ದು ಕುಡಿದು ಅವನ ಒಬ್ಬಳೇ ಮಗಳು ಚಿಕ್ಕಮ್ಮಣ್ಣಿ ತೀರಿಕೊಂಡಿದ್ದಳು. ಮಠವನ್ನು ಕೆಡವೋಣವೆಂದರೆ ಹೊಳೆಯಾಚೆಯ ನೆಲ ಅವನದಲ್ಲ.

"ಆಚೆ ದಡದಲ್ಲಿ ಬಾಯಿಬಡುಕ, ಈಚೆ ದಡ ಮುಟ್ಟಿದರೆ ಮೂಕ. ಏನದು?" ಅಂತ ದೊರೆ ಕೇಳಿದ.

ಮೊದಲು ನಿಂತವನು ವೈದ್ಯಸಿಂಹ ಮಲ್ಲರಸ. "ಕಪ್ಪೆ, ಮಹಾಸ್ವಾಮಿ," ಅಂದ. ಅವನನ್ನು ಹಿತ್ತಲಿಗೆ ಕರೆದೊಯ್ದರು. ತಿರುಗಿ ಬಂದದ್ದು ಕತ್ತಿ ಹಿಡಿದವನೊಬ್ಬನೇ.

ಸಾಲಿನಲ್ಲಿ ಚೌಡನ ಮುಂದಿದ್ದ ಪಾಯಪ್ಪ ಪಂಡಿತ ಹಿಂದೆ ತಿರುಗಿ ಪಿಸುಗುಟ್ಟಿದ: "ಏ ತಿರುಕ, ನೀನು ನನ್ನ ಹಿಂದೆ ನಿಂತಿದ್ದು ಕೆಟ್ಟಿತು ನೋಡು. ನಾನು ಬಿಡಿಸಿದ ಮೇಲೆ ನಿನಗೆ ಉಳಿಯೋದು ಕತ್ತಿ ಒಂದೇ." ಆಮೇಲೆ ಎದೆಯುಬ್ಬಿಸಿ, "ದೋಣಿಗಾರ!" ಅಂದ. ಅವನನ್ನೂ ಕರೆದೊಯ್ದರು.

ಚೌಡ ತನ್ನ ಮುಂಗೈ ನೋಡಿಕೊಂಡ. "ಈ ಕಡಗ, ಬುದ್ಧಿ. ಆಚೆ ಪಂಡಿತ, ವೈದ್ಯ ಅಂತ ಬಡಾಯಿ ಕೊಚ್ಚುತ್ತೆ, ಈಚೆ ರೋಗಿಯ ಮುಂದೆ ನಿಂತರೆ ಅದರ ಬಾಯಿ ಕಟ್ಟುತ್ತೆ."

ದೊರೆಯ ರೆಪ್ಪೆ ಅಲುಗಿತು. "ಕೊಟ್ಟವನ ಹತ್ತಿರ ಇರಲಿಲ್ಲ, ಇಸಕೊಂಡವನಿಗೆ ಸಿಗಲಿಲ್ಲ. ಆದರೂ ಕೊಟ್ಟಿದ್ದನ್ನ ಇಸಕೊಂಡಿದ್ದನ್ನ ಊರೇ ನೋಡಿತು. ಏನದು?"

"ಮಠದ ವಿದ್ಯೆ. ಊರು ನೋಡಿದ್ದು ಬಿರುದು, ಒಳಗಿದ್ದದ್ದು ಬುರುಡೆ."

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ದೊರೆ ನಗಲಿಲ್ಲ.

"ಕೊನೆಯದು. ಅದೊಂದು ಮದ್ದು. ಬೇರಿಲ್ಲ, ಎಲೆಯಿಲ್ಲ, ಅರೆಯುವುದಿಲ್ಲ, ಕುದಿಸುವುದಿಲ್ಲ. ವೈದ್ಯನ ಬಾಯಿಂದಲೇ ಬರಬೇಕು. ಅದೊಂದು ಬಂದಿದ್ದರೆ ನನ್ನ ಮಗಳು ಉಳಿಯುತ್ತಿದ್ದಳು. ಏನದು?"

ಚೌಡ ತಲೆಯೆತ್ತಿ ದೊರೆಯನ್ನು ನೋಡಿದ. ಆಮೇಲೆ ತಣ್ಣಗೆ ಹೇಳಿದ:

"ನನಗೆ ಬರಲ್ಲ."

ಸಭೆ ಅಯ್ಯೋ ಅಂದಿತು. ಕತ್ತಿಯವನು ಹೆಗಲ ಮೇಲೆ ಕೈಯಿಟ್ಟ.

"ಅದೇ ಉತ್ತರ, ಬುದ್ಧಿ," ಅಂದ ಚೌಡ. "ನನಗೆ ಬರಲ್ಲ. ಆ ಮಾತೇ ಮದ್ದು. ಅಮ್ಮಣ್ಣಿಯವರ ಹತ್ತಿರ ಬಂದವನು ಅಷ್ಟು ಹೇಳಿದ್ದರೆ ನೀವು ಬಲ್ಲವರನ್ನ ಕರೆಸುತ್ತಿದ್ದಿರಿ. ನಾನು ನಮ್ಮವ್ವನಿಗೆ ಹೇಳಿದೆ. ಅವಳು ನನ್ನ ನಂಬಲಿಲ್ಲ, ಕಡಗ ನಂಬಿದಳು."

ದೊರೆ ಕೈಯೆತ್ತಿದ. ಕತ್ತಿಯವನು ಹಿಂದೆ ಸರಿದ. ಸಿಂಹಾಸನ ಇಳಿದು ಬಂದ ದೊರೆ, "ಸಾರಿಸಿದ ಮಾತು ಮಾತೇ. ಇವತ್ತಿನಿಂದ ನೀನೇ ಆಸ್ಥಾನ ವೈದ್ಯ," ಅಂದ.

"ಈಗ ತಾನೇ ಹೇಳಿದೆನಲ್ಲ ಬುದ್ಧಿ, ಬರಲ್ಲ ಅಂತ."

ಮಗಳು ಹೋದ ಮೇಲೆ ಮೊದಲ ಸಲ ದೊರೆಯ ಗಂಟಲಿಂದ ನಗೆಯಂಥದೇನೋ ಹೊರಟಿತು. ಅರ್ಧದಲ್ಲೇ ಅದು ಅಳುವಾಯಿತು.

"ಮತ್ತೇನು ಬೇಕು, ಕೇಳು."

"ಈ ಕಡಗಾನ ಕೊಯ್ಯಿಸಿ. ಸಾಲಿನಲ್ಲಿ ಉಳಿದಿರೋರನ್ನ ಬಿಟ್ಟುಬಿಡಿ."

ಉಳಿದವರ ತಲೆ ಉಳಿಯಿತು, ಕಡಗ ಹೋಯಿತು. ಹೊಳೆಯಾಚೆ ಯಾರಾದರೂ ಕಲಿಸಲಿ, ಯಾರಾದರೂ ಕಲಿಯಲಿ, ತಪ್ಪಿಲ್ಲ. ಈಚೆ ಬಂದು ಆ ಬಿರುದಿನಲ್ಲಿ ಇನ್ನೊಬ್ಬರ ನಾಡಿ ಹಿಡಿಯಬೇಕಾದರೆ ಮೊದಲು ಬಲ್ಲವರ ಮುಂದೆ ಪರೀಕ್ಷೆ ಕೊಡಬೇಕು ಅಂತ ತಮಟೆ ಮತ್ತೆ ಸಾರಿತು. ಚೌಡನಿಗೆ ದೋಣಿಗಟ್ಟೆಯ ಪಾರುಪತ್ಯ, ಒಂದು ಮನೆ, ತಿರುಗಾಡಲು ಒಂದು ಕುದುರೆ ಕೊಟ್ಟರು.

ಅಕ್ಕಸಾಲಿ ಅರ ಹಾಕಿ ಉಜ್ಜುವಾಗ ಚೌಡ ಬೇರೆಲ್ಲೋ ನೋಡುತ್ತಿದ್ದ. ಹಿತ್ತಾಳೆ ಠಣ್ಣೆಂದು ಬಿತ್ತು. ಕಡಗದ ಜಾಗದಲ್ಲಿ ಬಿಸಿಲು ಕಾಣದ ಎಳೆಯ ಚರ್ಮ, ಹುಡುಗನದು. ಅಲ್ಲಿಗೆ ಗಾಳಿ ತಾಗಿತು.

"ಚಳಿ," ಅಂದ ಚೌಡ, ಬೆರಗಾಗಿ.

ಇವತ್ತಿಗೂ ಆ ದೋಣಿಗಟ್ಟೆಯಲ್ಲಿ ದೋಣಿಯಿಳಿದ ಪಂಡಿತರನ್ನು ಏನು ಬರುತ್ತದೆ ಅಂತ ಯಾರೂ ಕೇಳುವುದಿಲ್ಲವಂತೆ. ಏನು ಬರಲ್ಲ ಅಂತ ಕೇಳುತ್ತಾರಂತೆ. ಹೇಳಿದವರನ್ನು ಪರೀಕ್ಷೆಗೆ ಕಳಿಸುತ್ತಾರೆ. ಎಲ್ಲ ಬರುತ್ತೆ ಅಂದವರನ್ನು ಅದೇ ದೋಣಿಗೆ ಹತ್ತಿಸುತ್ತಾರೆ.