ಲ್ಯಾಪ್‌ಟಾಪಿನ ಗಣಪತಿ

ನಮ್ಮ ಕಚೇರಿಯ ಕಡಕೋಳ ಸಾಹೇಬರ ಲ್ಯಾಪ್‌ಟಾಪು ಶುರುವಾಗುವಾಗಲೇ ನಿಂತುಬಿಟ್ಟಿತು. ಹನ್ನೊಂದಕ್ಕೆ ಮೇಲಧಿಕಾರಿಗಳ ಸಭೆ.

"ಸರಿ ಮಾಡು, ಇಲ್ಲಾಂದ್ರ ನಾಳೆನೇ ನಿನಗ ವರ್ಗಾವಣೆ!" ಎಂದು ಸಾಹೇಬರು ಗುಮಾಸ್ತೆ ನೀಲಕ್ಕನ ಮೇಲೆ ಗುಡುಗಿದರು.

ಲ್ಯಾಪ್‌ಟಾಪಿಗೆ ಸಾಹೇಬರು ಹಿಂದಿನ ಸಂಜೆ ಗಣಪತಿ ಆಕಾರದ ಪೆನ್‌ಡ್ರೈವ್ ಸಿಕ್ಕಿಸಿದ್ದರು. ಯಂತ್ರ ಅದರಿಂದಲೇ ಶುರುವಾಗಲು ಹೋಗಿ ಸಿಕ್ಕಿಬಿದ್ದಿದೆ ಎಂದು ನೀಲಕ್ಕನಿಗೆ ಹೊಳೆಯಿತು.

"ಇದನ್ನ ತೆಗೀಲೇನ್ರಿ?"

"ಹುಚ್ಚಿ! ಸ್ವಾಮಿಗಳು ಕೊಟ್ಟ ದೇವ್ರು ಅದು. ಕೈ ಹಚ್ಚಬ್ಯಾಡ!"

ನೀಲಕ್ಕ ಗಲ್ಲ ಗಲ್ಲ ಬಡಿದುಕೊಂಡಳು. "ತಪ್ಪಾತ್ರಿ ಸಾಹೇಬ್ರ. ಆದ್ರ ದೇವ್ರು ನಿನ್ನೆ ಸಂಜಿಯಿಂದ ಇಲ್ಲಿ ಕುಂತೈತಿ, ಒಂದು ಆರತಿನೂ ಬೆಳಗಿಲ್ಲ. ಸಿಟ್ಟು ಬರೂದಿಲ್ಲೇನ್ರಿ?"

ಸಾಹೇಬರ ಮುಖ ಬಿಳಚಿತು. "ಹಂಗಾರ ಬೆಳಗು!"

"ಇಲ್ಲೇ ಬೆಳಗಿದ್ರ ಪರದೆ ಸುಡತೈತ್ರಿ. ದೇವ್ರನ್ನ ತಾಟಿಗೆ ಇಳಿಸ್ರಿ" ಎಂದು ನೀಲಕ್ಕ ಗೋಡೆಯ ದೇವರ ಪಟದ ಮುಂದಿದ್ದ ತಾಟು, ಕರ್ಪೂರ ತಂದಿಟ್ಟಳು.

ಸಾಹೇಬರು ಬೂಟು ಬಿಚ್ಚಿದರು. ಎರಡೂ ಕೈಯಿಂದ ತಾವೇ ದೇವರನ್ನು ಕಿತ್ತು ತಾಟಿನಲ್ಲಿಟ್ಟರು. ನೀಲಕ್ಕ ಬಲಗೈಯಲ್ಲಿ ಕರ್ಪೂರ ಬೆಳಗುತ್ತ, ಎಡಗೈಯಲ್ಲಿ ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಹಚ್ಚಿದಳು. ಕರ್ಪೂರ ಆರುವ ಮೊದಲೇ ಪರದೆ ಝಗ್ಗನೆ ತೆರೆಯಿತು.

ಸಾಹೇಬರ ಮೈಮೇಲೆ ಮುಳ್ಳೆದ್ದವು. ಮುಗಿದ ಕೈ ಇಳಿಸಲೇ ಇಲ್ಲ.

"ದಿನಾ ಹಿಂಗ ಮಾಡ್ರಿ. ಮೊದಲು ದೇವ್ರು ತಾಟಿಗೆ, ಆಮ್ಯಾಲೆ ಸ್ವಿಚ್ಚು" ಎಂದಳು ನೀಲಕ್ಕ.

ಮರುದಿನ ಪಕ್ಕದ ಕಚೇರಿಯ ಸಾಹೇಬರೂ ಬರಿಗಾಲಲ್ಲಿ ಬಂದರು. ಒಂದು ಕೈಯಲ್ಲಿ ತೆಂಗಿನಕಾಯಿ, ಕಂಕುಳಲ್ಲಿ ಕೆಟ್ಟ ಪ್ರಿಂಟರು.