ಗಡ್ಡೆಗೆ ಗಡ್ಡೆ

ಕುತ್ತಿಗೆಯಲ್ಲಿ ಕ್ಯಾನ್ಸರ್ ಗಡ್ಡೆ ಎದ್ದಿದ್ದ ಎತ್ತೊಂದು, ಕೊಟ್ಟಿಗೆಯ ಕಂಬಕ್ಕೆ ತೂಗುಹಾಕಿದ್ದ ಸುಣ್ಣ ಬೆರೆಸಿದ ಉಪ್ಪಿನ ಗಡ್ಡೆಯನ್ನು ಬಿಡದೆ ನೆಕ್ಕುತ್ತಿತ್ತು.

"ಸಾಕು ಮಾಡಣ್ಣ," ಎಂದಿತು ಅದರ ಕಿವಿಗೆ ಕಚ್ಚಿಕೊಂಡಿದ್ದ ಉಣ್ಣಿ. "ನಿನ್ನ ರಕ್ತದಲ್ಲಿ ಸುಣ್ಣ ಏರುತ್ತಿದೆ. ರೋಗವೇ ನಿನ್ನ ಮೂಳೆ ಕರಗಿಸಿ ರಕ್ತಕ್ಕೆ ಸುಣ್ಣ ಸುರಿಯುತ್ತಿದೆ, ನೀನು ಮೇಲಿಂದ ಇನ್ನಷ್ಟು ಸುರಿಯುತ್ತಿದ್ದೀಯ. ಈ ಬಾಯಾರಿಕೆ, ಈ ಸುಸ್ತು ಅದರದ್ದೇ."

"ಸುಳ್ಳು," ಎಂದಿತು ಉಪ್ಪಿನ ಗಡ್ಡೆ. "ಸುಣ್ಣ ಎಂದರೆ ಬಲ. ಬೇಕಿದ್ದರೆ ಕರು ಹಾಕಿದ ಹಸುಗಳನ್ನು ಕೇಳಿ ನೋಡಿ, ಯಜಮಾನರೇ."

ಎತ್ತು ತಲೆದೂಗಿತು. "ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದು. ಗಡ್ಡೆಗೂ ಗಡ್ಡೆಯೇ ಮದ್ದು. ರಕ್ತ ಹೀರುವ ನೀನು ನನಗೆ ಪಥ್ಯ ಹೇಳುತ್ತೀಯಾ?"

"ಹೀರುವುದರಿಂದಲೇ ರುಚಿ ಗೊತ್ತು. ನೀನು ಬಿದ್ದರೆ ನನಗೂ ಊಟವಿಲ್ಲ, ಮಾರಾಯ!"

ಎತ್ತು ಕಿವಿಯನ್ನು ಕಂಬಕ್ಕೆ ಒತ್ತಿ ಉಜ್ಜಿತು. ಉಣ್ಣಿ ಅಪ್ಪಚ್ಚಿಯಾಯಿತು. ಎತ್ತು ನೆಮ್ಮದಿಯಿಂದ ಮತ್ತೆ ನಾಲಿಗೆ ಚಾಚಿತು.

ಅಮಾವಾಸ್ಯೆಯೊಳಗೆ ಅದು ಕುಸಿದು ಬಿತ್ತು, ಮತ್ತೆ ಏಳಲಿಲ್ಲ. ಆ ಜಾಗಕ್ಕೆ ಬಂದ ಹೊಸ ಎತ್ತು, ಹಿಂದಿನವರಿಗೆ ಏನಾಯಿತು ಎಂದು ಕೇಳಿತು.

"ಪಾಪ, ತಡವಾಗಿ ಶುರುಮಾಡಿದರು," ಎಂದಿತು ಉಪ್ಪಿನ ಗಡ್ಡೆ. "ನೀವು ಇವತ್ತಿನಿಂದಲೇ ನೆಕ್ಕಿ, ಯಜಮಾನರೇ."