ಎರಡನೆಯ ಗುಟುಕು

ಹೊಳೆದಂಡೆಯ ಆಶ್ರಮವೊಂದರಲ್ಲಿ ಶಾಂತವೀರಜ್ಜ ಎಂಬ ಗುರುವಿದ್ದರು. ಕೊಳೆತದ್ದನ್ನು ಕೊಯ್ದು, ಹರಿದದ್ದನ್ನು ಹೊಲಿದು ಜನರನ್ನು ಉಳಿಸುವುದು ಅವರ ವಿದ್ಯೆ. ಅದನ್ನು ಶಿಷ್ಯರಿಗೂ ಹೇಳಿಕೊಡುತ್ತಿದ್ದರು.

ಅವತ್ತು ಬೆಳಗ್ಗೆ ಅಂಬಿಗರ ದುರುಗಪ್ಪನ ಕಾಲಿನಿಂದ ಕೊಳೆತ ಎರಡು ಬೆರಳು ತೆಗೆದರು. ನೋವಿಗೆಂದು ಒಂದು ಗುಟುಕು ಅಫೀಮಿನ ಕಷಾಯ ಕುಡಿಸಿ, ಶಿಷ್ಯ ಬೊಮ್ಮಣ್ಣನನ್ನು ಪಕ್ಕದಲ್ಲಿ ಕೂರಿಸಿದರು.

“ಉಸಿರು ಎಣಿಸ್ಕೋತ ಕೂಡು. ನನ್ನ ಕೇಳದ ಇನ್ನೊಂದು ಹನಿ ಕುಡಸಬ್ಯಾಡ.”

ಬೊಮ್ಮಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಮೂರು ವರ್ಷ ಕಾದಿದ್ದ ಚೂರಿ ಹಿಡಿಯುವ ಪಾಠ ಅದೇ ಹೊತ್ತಿಗೆ ಹೊರಗೆ ಬೇವಿನ ಮರದ ಕೆಳಗೆ ಶುರುವಾಗಿತ್ತು. ಓರಗೆಯವರೆಲ್ಲ ಅಲ್ಲಿ. ತಾನು ಮಾತ್ರ ಇಲ್ಲಿ, ಮಲಗಿದವನ ಮೂಗು ನೋಡುತ್ತ. ಇದು ಯಾವ ನ್ಯಾಯ?

ಕಿಟಕಿಗೆ ಕಿವಿಗೊಟ್ಟ. ಗುರುವಿನ ಮಾತು ಅರ್ಧ ಕೇಳುವಷ್ಟರಲ್ಲಿ ದುರುಗಪ್ಪ ನರಳುತ್ತಿದ್ದ. ಅವನ ಹೆಂಡತಿ ಹೊನ್ನವ್ವ ಬೇರೆ ಕೈಮುಗಿದಳು.

“ನೋಡಾಕ ಆಗವಲ್ದು ಯಪ್ಪಾ. ಇನ್ನೊಂಚೂರು ಕೊಡ್ರಿ.”

ಕೊಟ್ಟ. ನರಳಾಟ ನಿಂತಿತು. ಸ್ವಲ್ಪ ಹೊತ್ತಿಗೆ ದುರುಗಪ್ಪ ಗೊರಕೆ ಹೊಡೆಯತೊಡಗಿದ. ಗುರು ಹೇಳಿದ ಕೆಲಸ ಎರಡೇ ಎರಡು, ಮಹಾಶಯ ಎರಡನ್ನೂ ಗಾಳಿಗೆ ತೂರಿ, ಎದ್ದು ಹೋಗಿ ಮರದ ಕೆಳಗೆ ಕೂತ.

ಗುರು ಪಾಠ ನಿಲ್ಲಿಸಿದರು. “ಯಾಕ ಬಂದಿ?”

“ಮಲಗ್ಯಾನ್ರಿ ಅಜ್ಜಾರ. ಛಲೋ ಗೊರಕಿ ಹೊಡ್ಯಾಕತ್ಯಾನ.”

ಅಜ್ಜ ಚೂರಿ ಬಿಸಾಕಿ ಓಡಿದರು. ಅವರು ಓಡಿದ್ದನ್ನು ಶಿಷ್ಯರು ಯಾರೂ ಅಲ್ಲಿಯವರೆಗೆ ಕಂಡಿರಲಿಲ್ಲ.

ಒಳಗೆ ಗೊರಕೆ ನಿಂತುಹೋಗುತ್ತಿತ್ತು, ಬಹಳ ಹೊತ್ತಿನ ಮೇಲೆ ಇನ್ನೊಂದು ಬರುತ್ತಿತ್ತು. ಅಜ್ಜ ದುರುಗಪ್ಪನ ಗದ್ದ ಮೇಲೆತ್ತಿ ಹಿಡಿದರು. ಎದೆಯ ಎಲುಬನ್ನು ಬೆರಳಗೆಣ್ಣಿನಿಂದ ಗಟ್ಟಿಯಾಗಿ ತಿಕ್ಕಿದರು. ಕೆನ್ನೆಗೆ ಬಾರಿಸಿದರು.

“ಉಸಿರು ಎಳಿ, ದುರುಗಪ್ಪ. ಇನ್ನೊಂದು ಎಳಿ.”

ಹೊನ್ನವ್ವ ಅವರ ರಟ್ಟೆ ಹಿಡಿದು ಜಗ್ಗಿದಳು. “ಎರಡು ದಿನದಿಂದ ಕಣ್ಣು ಮುಚ್ಚಿದ್ದಿಲ್ಲ. ಈ ಪುಣ್ಯಾತ್ಮ ಮಲಗಿಸ್ಯಾನ. ಬಡದು ಎಬ್ಬಸ್ತೀರಲ್ಲ, ನಿಮ್ಮ ಎದಿ ಏನು ಕಲ್ಲೇನ್ರಿ?”

ಬೊಮ್ಮಣ್ಣನಿಗೂ ಹಾಗೇ ಅನಿಸಿತು, ದುರುಗಪ್ಪನ ತುಟಿ ಕಣ್ಣಿಗೆ ಬೀಳುವವರೆಗೆ. ಅದು ನೀಲಿಗಟ್ಟಿತ್ತು.

ಬಾಗಿಲಲ್ಲಿದ್ದ ಬಿಸಿಲು ಗೋಡೆಗೆ ಸರಿಯಿತು. ಅಜ್ಜ ಕೈ ಬಿಡಲಿಲ್ಲ. ಕೊನೆಗೆ ದುರುಗಪ್ಪ ಕಣ್ಣು ಬಿಟ್ಟು ಅವರಿಗೇ ಒಂದು ಹೊಲಸು ಬೈಗುಳ ಬೈದ. ಆಗ ಅವರು ಗೋಡೆಗೊರಗಿ ಕೂತರು.

“ಎಷ್ಟು ಕುಡಸಿದಿ?”

“ಇನ್ನೊಂದು ಗುಟುಕು.”

“ಯಾತಕ್ಕ?”

“ಅವನ ನೋವಿಗ್ರಿ.”

“ಸುಳ್ಳು ಹೇಳಬ್ಯಾಡ.” ಅಜ್ಜ ಗದರಿದರು.

ಬೊಮ್ಮಣ್ಣ ತಲೆ ತಗ್ಗಿಸಿದ. “ಅವನ ನರಳಾಟದಾಗ ನಿಮ್ಮ ಪಾಠ ಕೇಳಸ್ತಿದ್ದಿಲ್ರಿ.”

“ಅಂದ್ರ ಮದ್ದು ಹಾಕಿದ್ದು ನಿನ್ನ ಕಿವಿಗೆ. ಅದನ್ನ ಆಕಿಗೆ ಹೇಳು.”

ಬೊಮ್ಮಣ್ಣ ಹೊನ್ನವ್ವನ ಕಡೆ ತಿರುಗಿದ. ಅವಳಿಗೆ ಎಲ್ಲವನ್ನೂ ಹೇಳಿದ. ಗುರು ಬೇಡವೆಂದಿದ್ದು, ತಾನು ಕೊಟ್ಟಿದ್ದು, ಬಿಟ್ಟು ಎದ್ದು ಹೋಗಿದ್ದು, ಆ ಮದ್ದಿಗೇ ಉಸಿರು ನಿಲ್ಲುವುದರಲ್ಲಿದ್ದದ್ದು. ಅವಳು ಕೇಳುತ್ತ ಕೇಳುತ್ತ ಗಂಡನ ಕೈಯನ್ನು ಎದೆಗೆ ಅವುಚಿಕೊಂಡಳು.

“ಈ ಕೊಲೆಗಡುಕನ್ನ ಹೊರಗ ಹಾಕ್ರಿ ಅಜ್ಜಾರ. ಇವನ ನೆರಳೂ ನನ್ನ ಗಂಡನ ಮ್ಯಾಲೆ ಬೀಳಬಾರದು.”

ಅವಳು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಬೊಮ್ಮಣ್ಣ ತನ್ನ ಬಟ್ಟೆ ಗಂಟು ಕಟ್ಟಲು ಎದ್ದ.

ಅಜ್ಜ ಅವನ ಕೈ ಹಿಡಿದೆಳೆದು ದುರುಗಪ್ಪನ ತಲೆಯ ಹತ್ತಿರ ಕುಕ್ಕರಿಸಿದರು.

“ಮದ್ದಿನ ಅಮಲು ಇನ್ನೂ ಇಳಿದಿಲ್ಲ ತಂಗಿ, ನಿನ್ನ ಗಂಡ ಮತ್ತ ಮಲಗತಾನ,” ಅಂದರು. “ಮಲಗಿದವನ್ನ ಕಂಡು ಹೆದರೋನು ಈ ಆಶ್ರಮದಾಗ ನನ್ನ ಬಿಟ್ರ ಇವನೊಬ್ಬನ. ಇವನ್ನ ಕಳಿಸಿ ಯಾರನ್ನ ಕೂಡಸಲಿ?”